ಇಟಲಿಯವರು ಕಸಿದುಕೊಂಡ ಅಮ್ಮನ ದನಿ

ಜಪಾನೀಸ್ ಭಾಷೆಯಲ್ಲಿ ಒಂದು ಪದವೂ ಬಿಡದಂತೆ ನನಗೆ ಪೂರ್ತಿ ಅರ್ಥವಾದ ಮೊದಲ ವಾಕ್ಯವನ್ನು ಹೇಳಿದವಳು ನನ್ನ ಮಗಳು. ಜಪಾನಿನಲ್ಲಿ ನಾವಿದ್ದ ಓಜಿಮಾ ಬಡಾವಣೆಯ ಶಿಶುವಿಹಾರದ ಗೇಟಿನ ಬಳಿ ಉಳಿದ ತಾಯಂದಿರು ಮಕ್ಕಳ ಹಳದಿ ಟೋಪಿ ಸರಿಪಡಿಸುತ್ತಾ ನಿಂತಿದ್ದರು. ಅವಳು ನನ್ನ ದುಪಟ್ಟಾ ಹಿಡಿದೆಳೆದು, ನಾನು ಬಗ್ಗಿದ ಮೇಲೆ ಕಿವಿಯಲ್ಲಿ ಹೇಳಿದಳು: "ಮಾಮಾ, ಇಲ್ಲಿ ಮಾತಾಡಬೇಡ." ಇಲ್ಲಿನ ಮಕ್ಕಳಿಗೆ ಮಾಮಾ ಎಂದರೆ ಅಮ್ಮ. ಆಗ ಅವಳಿಗೆ ಐದು ವರ್ಷ. ನಾವಾಡುವ ಕನ್ನಡ ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಜಪಾನೀಸಿನಲ್ಲೇ ಬರುತ್ತಿತ್ತು.

ತಪ್ಪು ನನ್ನ ಗಂಟಲಿನದು. ನಮ್ಮ ಮನೆತನದ ಹೆಂಗಸರ ದನಿಯೇ ದೊಡ್ಡದು. ಮೈಸೂರಿನಲ್ಲಿ ಅದನ್ನು ಯಾರೂ ದೊಡ್ಡದೆಂದು ಭಾವಿಸುತ್ತಿರಲಿಲ್ಲ, ಎಲ್ಲರದೂ ಹಾಗೇ ಇತ್ತು. ಇಲ್ಲಿ ನಾನು "ಒಹಾಯೋ ಗೊಜಾಯ್ಮಸ್" ಎಂದು ಬೆಳಗಿನ ನಮಸ್ಕಾರ ಹೇಳಿದರೆ ಎದುರು ಬೀದಿಯ ಕೊಂಬಿನಿ ಅಂಗಡಿಯಿಂದ ಹಾಲು ತರುತ್ತಿದ್ದ ಮುದುಕರು ತಿರುಗಿ ನೋಡುತ್ತಿದ್ದರು. ಆ ದಿನ ಇಬ್ಬರು ಹುಡುಗಿಯರು ನನ್ನ ಹಾಗೆಯೇ ಕೂಗಿ ಅಣಕಿಸಿ ನಕ್ಕಿದ್ದರು. ಗೆಳತಿಯರಿಗೆ ಮುಖ ತೋರಿಸಲಾಗದಷ್ಟು ನಾಚಿಕೆ ಮಗಳಿಗಾಗಿತ್ತು. ನಾನು ಸುಮ್ಮನೆ ತಲೆಬಾಗಿ ಮನೆಗೆ ಬಂದೆ, ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಮುಖ ತೊಳೆದು ನಿರ್ಧಾರ ಮಾಡಿದೆ: ಈ ಊರಿನಲ್ಲಿ, ಈ ಮಗುವಿನ ಎದುರಿಗೇ, ನಾನು ಬಾಯಿ ಬಿಟ್ಟು ಮಾತಾಡಬೇಕು. ಇಲ್ಲದಿದ್ದರೆ ಅವಳ ಪಾಲಿಗೆ ನಾನು ಊಟ ಬಡಿಸುವ ಮೂಗಿಯಾಗಿಯೇ ಉಳಿದುಬಿಡುತ್ತೇನೆ.

ಅದು ಎರಡು ಸಾವಿರದ ಇಸವಿ ಹತ್ತಿರವಾಗುತ್ತಿದ್ದ ಕಾಲ. ನನ್ನ ಗಂಡ ಶಿನಾಗಾವಾದ ಒಂದು ಕಚೇರಿಯಲ್ಲಿ ಹಳೆಯ ಕಂಪ್ಯೂಟರ್ ಪ್ರೋಗ್ರಾಮುಗಳೊಳಗೆ ಹೊಕ್ಕು ಇಸವಿ ತಿದ್ದುತ್ತಿದ್ದರು. ನಮ್ಮ ಕಟ್ಟಡದಲ್ಲಿದ್ದ ಬೆಂಗಳೂರು, ಮೈಸೂರಿನ ಗಂಡಸರೆಲ್ಲರ ಕಸುಬೂ ಅದೇ. ಲೋಕದ ಕ್ಯಾಲೆಂಡರನ್ನೇ ರಿಪೇರಿ ಮಾಡುತ್ತಿದ್ದೇವೆಂಬ ಗತ್ತು ಅವರದು. ಹೆಂಗಸರಿಗೆ ಕೆಲಸ ಮಾಡುವ ವೀಸಾ ಇರಲಿಲ್ಲ. ಬೇಳೆ ಎಲ್ಲಿ ಸಿಗುತ್ತದೆ, ಕರಿಬೇವು ಯಾರು ತಂದರು ಎಂಬುದೇ ನಮ್ಮ ಸುದ್ದಿ.

ಬಡಾವಣೆಯ ಸಭಾಭವನದ ಗೋಡೆಯ ಮೇಲೆ ಒಂದು ಪೋಸ್ಟರ್ ಕಂಡಿದ್ದು ಆ ದಿನಗಳಲ್ಲೇ. ಅಕ್ಷರ ನನಗೆ ಓದಲು ಬರುತ್ತಿರಲಿಲ್ಲ, ಚಿತ್ರ ಸಾಕಾಯಿತು. ಒಡೆದ ಗೋಡೆಯ ಮುಂದೆ ಒಂದು ಕ್ಯಾಮೆರಾ, ಪಕ್ಕದಲ್ಲಿ ಇಟಲಿಯ ಬಾವುಟ. ಒಳಗೆ ಹೋಗಿ ವಿಚಾರಿಸಿದೆ. ಶನಿವಾರ ಮಧ್ಯಾಹ್ನಗಳಲ್ಲಿ ಇಟಲಿಯ ಸಿನಿಮಾದ ಕಥೆ ಹೇಳುವ ತರಗತಿಯಂತೆ, ಯಾರು ಬೇಕಾದರೂ ಬರಬಹುದಂತೆ. ಇಟಲಿ ಎಂದರೆ ನನಗೆ ಹಳೆಯ ಲೆಕ್ಕವೊಂದು ಬಾಕಿಯಿತ್ತು. ಅಲ್ಲೇ ಹೆಸರು ಕೊಟ್ಟು ಬಂದೆ.

ಆ ಲೆಕ್ಕ ಇದು. ನಾನು ಚಿಕ್ಕವಳಿದ್ದಾಗ ಮೈಸೂರಿನ ನಮ್ಮ ಬೀದಿಗೆ ಒಂದು ಸಿನಿಮಾ ತಂಡ ಬಂದಿತ್ತು. ಗಡ್ಡದ ಒಬ್ಬ ಯುವಕ ನಿರ್ದೇಶಕ. ಅವನು ಫಿಲಂ ಸೊಸೈಟಿಯಲ್ಲಿ ಇಟಲಿಯ ಚಿತ್ರಗಳನ್ನು ನೋಡಿ ನೋಡಿ ತಲೆ ಕೆಡಿಸಿಕೊಂಡವನು. ಸೆಟ್ಟು ಬೇಡ, ಸ್ಟಾರು ಬೇಡ, ಬಣ್ಣ ಬಳಿಯುವುದು ಬೇಡ, ನಮ್ಮ ಬೀದಿ ನಲ್ಲಿಯೇ ಸಾಕು, ನೀರಿಗೆ ಬರುವ ಹೆಂಗಸರೇ ಸಾಕು ಎಂದ. "ಇಟಲೀಲಿ ಹೀಗೇ ತೆಗೀತಾರಮ್ಮ, ನೀವು ದಿನಾ ಹೇಗೆ ಜಗಳ ಆಡ್ತೀರೋ ಹಾಗೇ ಆಡಿ" ಎಂದು ಅಮ್ಮನನ್ನು ಒಪ್ಪಿಸಿದ. ಅಮ್ಮನಿಗೆ ಅಷ್ಟು ಹೇಳಿದ್ದೇ ಸಾಕು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿಂದಿಗೆ ಕುಕ್ಕಿ, ಸಾಲು ತಪ್ಪಿಸಿ ನುಗ್ಗಿದವಳ ಮೇಲೆ ಎಗರಿದಳು. ಇಟಲಿಯ ಹೆಂಗಸರೂ ನಲ್ಲಿಯ ಹತ್ತಿರ ಹೀಗೆ ಜಗಳವಾಡುತ್ತಾರೆಂದು ಅವಳಿಗೆ ಆ ದೇಶದ ಮೇಲೆ ಅಭಿಮಾನವೇ ಹುಟ್ಟಿತು.

ಚಿತ್ರ ಬಿಡುಗಡೆಯಾದಾಗ ಇಡೀ ಬೀದಿ ಟಾಕೀಸಿಗೆ ಹೋಯಿತು. ಪರದೆಯ ಮೇಲೆ ನಮ್ಮ ನಲ್ಲಿ ಬಂತು, ಸಾಲು ಬಂತು, ಅಮ್ಮ ಬಂದಳು. ಅಮ್ಮ ಬಾಯಿ ತೆರೆದಳು. ಬಂದ ದನಿ ಬೇರೆ ಯಾರದೋ! ತೆಳ್ಳಗೆ, ಸಿಹಿಯಾಗಿ, ರೇಡಿಯೋ ನಾಟಕದವರ ಹಾಗೆ. ಬೀದಿಯಲ್ಲಿ ತೆಗೆಯುವಾಗ ಗಲಾಟೆಯಲ್ಲಿ ಶಬ್ದ ಹಿಡಿಯಲಾಗದು, ಆಮೇಲೆ ಮದರಾಸಿನ ಸ್ಟುಡಿಯೋದಲ್ಲಿ ಯಾರಿಂದಲೋ ಹೇಳಿಸಿ ಸೇರಿಸುತ್ತಾರೆ ಎಂಬುದು ನಮಗೆ ಗೊತ್ತಿರಲಿಲ್ಲ. ಬೀದಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಅಮ್ಮ ನಗಲಿಲ್ಲ. ಮನೆಗೆ ಬಂದು ಸೀರೆ ಮಡಿಸುತ್ತಾ ಹೇಳಿದಳು, "ಮುಖ ನಂದು, ಬಾಯಿ ಅವಳದು. ಇದ್ಯಾವ ನ್ಯಾಯ?" ಕೇಳಲು ಹೋದಾಗ ಗಡ್ಡದವನು ಕೊಟ್ಟ ಉತ್ತರವೂ ಅದೇ, "ಇಟಲೀಲೂ ಹೀಗೇ ಮಾಡ್ತಾರಮ್ಮ." ಅಂದಿನಿಂದ ಅಮ್ಮನಿಗೆ ಇಟಲಿಯ ಮೇಲೆ ಕೋಪ. ಚಿತ್ರ ವಾರವೂ ಓಡಲಿಲ್ಲ, ಕೋಪ ಮಾತ್ರ ಇಪ್ಪತ್ತು ವರ್ಷ ಓಡಿತು.

ತರಗತಿ ನಡೆಸುತ್ತಿದ್ದವರು ಬೆಳ್ಳಿಕೂದಲಿನ ನಿವೃತ್ತ ಟೀಚರು. ಇಟಾಲಿಯನ್ ಭಾಷೆ ಕಲಿಸಿ ಆಯುಷ್ಯ ಕಳೆದವರು. ಎಲ್ಲರಂತೆ ನಾನೂ ಸೆನ್ಸೈ ಎನ್ನುತ್ತಿದ್ದೆ. ಮೊದಲ ಶನಿವಾರ ಅವರು ಹೇಳಿದ್ದರಲ್ಲಿ ನನಗೆ ತಿಳಿದದ್ದು ಕಾಲುಭಾಗ. ಆದರೆ ಸಿನಿಮಾ ನೋಡಲು ಭಾಷೆ ಬೇಕೇಬೇಕೆಂದು ನಮ್ಮೂರಿನಲ್ಲಿ ಯಾರು ಹೇಳಿದ್ದರು? ನಮ್ಮಲ್ಲಿ ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವ ರೂಢಿ ಇರಲಿಲ್ಲ. ತಮಿಳೋ, ತೆಲುಗೋ, ಹಿಂದಿಯೋ, ಅಮ್ಮ ಹಾಗೇ ನೋಡಿ, ಹಾಗೇ ಅತ್ತು, ಮನೆಗೆ ಬಂದು ಕಥೆಯನ್ನು ನಮಗೆ ಕನ್ನಡದಲ್ಲಿ ಹೇಳುತ್ತಿದ್ದಳು. ನಾನು ಆ ಶಾಲೆಯಲ್ಲಿ ಓದಿದವಳು. ಪರದೆಯ ಬಲ ಅಂಚಿನಲ್ಲಿ ಮೇಲಿಂದ ಕೆಳಕ್ಕೆ ಇಳಿಯುತ್ತಿದ್ದ ಜಪಾನೀಸ್ ಅಕ್ಷರಗಳನ್ನು ಪಕ್ಕಕ್ಕೆ ಬಿಟ್ಟು ಮುಖಗಳನ್ನು ನೋಡಿದೆ.

ವಾರವಾರವೂ ಕೇಳುತ್ತಾ ಒಂದೊಂದೇ ತಿಳಿಯತೊಡಗಿತು. ಸಿನಿಮಾಕ್ಕೆ ಮಾತು ಬರುವ ಮೊದಲೇ ಇಟಲಿಯವರು ಆನೆ, ಅರಮನೆ, ಸಾವಿರಾರು ಜನರನ್ನು ಕೂಡಿಸಿ ಪುರಾಣದಂಥ ಚಿತ್ರಗಳನ್ನು ತೆಗೆದು ಲೋಕವನ್ನೇ ಬೆರಗಾಗಿಸಿದ್ದರಂತೆ. ಆಮೇಲೆ ಸರ್ವಾಧಿಕಾರಿಯ ಕಾಲ. ರಾಜಧಾನಿಯ ಹೊರಗೆ ದೊಡ್ಡ ಸ್ಟುಡಿಯೋ, ಬಿಳಿ ಟೆಲಿಫೋನಿನಲ್ಲಿ ಮಾತಾಡುವ ಸಿರಿವಂತರ ಕಥೆಗಳು. ಯುದ್ಧದಲ್ಲಿ ಎಲ್ಲ ಹಾಳಾಯಿತು, ಸ್ಟುಡಿಯೋದೊಳಗೆ ನಿರಾಶ್ರಿತರು ಒಲೆ ಹಚ್ಚಿದರು. ಸಿನಿಮಾದವರು ಬೀದಿಗೆ ಬಂದರು. ಕೆಲಸವಿಲ್ಲದವರು, ಮೀನುಗಾರರು, ಮುದುಕರು, ದಾರಿಹೋಕರು ಪಾತ್ರಗಳಾದರು. ಆ ಚಿತ್ರಗಳು ಹಡಗು ಹತ್ತಿ ಎಲ್ಲೆಲ್ಲಿಗೆ ಹೋದವೋ ಅಲ್ಲೆಲ್ಲ ಹಣವಿಲ್ಲದ ಹುಡುಗರಿಗೆ ಧೈರ್ಯ ಬಂತು: ನಮ್ಮ ಬೀದಿಯೂ ಸಾಕು ಅಂತ. ಮುಂದೆ ಅದೇ ಇಟಲಿಯವರು ಜಪಾನಿನ ಚಿತ್ರಗಳ ಕತ್ತಿವೀರರನ್ನು ಕರೆದೊಯ್ದು ಕೌಬಾಯ್ ಟೋಪಿ ತೊಡಿಸಿ ಕುದುರೆ ಹತ್ತಿಸಿದರು, ಆ ಕುದುರೆಗಳು ನಮ್ಮ ದೇಶದ ಡಕಾಯಿತರ ಚಿತ್ರಗಳಿಗೂ ಬಂದವು. ನಾನು ಬಾಲ್ಯದಲ್ಲಿ ಕಿರುಚುತ್ತಾ ನೋಡಿದ ಕುದುರೆಗಳು ಜಪಾನಿನಿಂದ ಹೊರಟಿದ್ದವೆಂದು ತಿಳಿದು ನನಗೆ ನಗು ತಡೆಯಲಾಗಲಿಲ್ಲ.

ಇಟಲಿಯವರು ಡಬ್ಬಿಂಗಿನಲ್ಲಿ ನಿಸ್ಸೀಮರು ಎಂದೂ ಸೆನ್ಸೈ ಒಂದು ವಾರ ಹೇಳಿದರು. ಮುಖ ಒಬ್ಬರದು, ದನಿ ಇನ್ನೊಬ್ಬರದು, ಅದೇ ಅಲ್ಲಿನ ಪದ್ಧತಿ. ಜಪಾನಿನಲ್ಲಿ ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕ ಒಬ್ಬ ಮನುಷ್ಯ ನಿಂತು ಎಲ್ಲ ಪಾತ್ರಗಳ ಮಾತನ್ನೂ ತಾನೇ ಆಡುತ್ತಿದ್ದ, ಜನ ನಟರಿಗಿಂತ ಅವನಿಗಾಗಿಯೇ ಬರುತ್ತಿದ್ದರು ಎಂದರು. ಗಡ್ಡದವನು ಸುಳ್ಳು ಹೇಳಿರಲಿಲ್ಲ ಎಂದಾಯಿತು. ಆದರೂ ಅಮ್ಮನಿಗೆ ಆದದ್ದು ಅನ್ಯಾಯವೇ. ಬೀದಿಯ ಮುಖ ಬೇಕು, ಬೀದಿಯ ದನಿ ಬೇಡ ಎಂದರೆ ಹೇಗೆ?

ಈ ದೇಶದಲ್ಲಿ ಒಂದು ಕಟ್ಟುಪಾಡಿದೆ. ಹೂ ಜೋಡಿಸುವುದನ್ನು ಕಲಿಯಿರಿ, ಕೊಳಲು ಕಲಿಯಿರಿ, ಏನೇ ಕಲಿಯಿರಿ, ಕೊನೆಗೊಂದು ದಿನ ಕಲಿತವರೆಲ್ಲ ಒಬ್ಬೊಬ್ಬರಾಗಿ ಮುಂದೆ ನಿಂತು ಒಪ್ಪಿಸಬೇಕು. ಮನೆಯವರೂ ಬಂದು ಕೂರುತ್ತಾರೆ. ನಮ್ಮ ತರಗತಿಗೂ ಆ ದಿನ ಗೊತ್ತಾಯಿತು. ನಾನು ಕೈ ಎತ್ತಿ, ಇಟಲಿಯ ಸಿನಿಮಾ ನಮ್ಮ ಊರಿಗೆ ಬಂದದ್ದು ಹೇಗೆಂದು ಹೇಳುತ್ತೇನೆ, ಒಂದು ತುಣುಕನ್ನೂ ತೋರಿಸುತ್ತೇನೆ ಎಂದೆ. ಸೆನ್ಸೈಗೆ ಸಂತೋಷವಾಯಿತು. ಇಂಗ್ಲಿಷಿನಿಂದ ಅನುವಾದಿಸಲು ಒಬ್ಬರನ್ನು ಕರೆಸೋಣ ಎಂದರು. ಬೇಡ, ಜಪಾನೀಸಿನಲ್ಲೇ ಮಾತಾಡುತ್ತೇನೆ ಎಂದೆ. ಅವರು ತಲೆ ಓರೆ ಮಾಡಿ, ಹಲ್ಲಿನ ನಡುವೆ ಗಾಳಿ ಎಳೆದುಕೊಂಡು, "ಸೋ ದೆಸು ನೇ..." ಎಂದು ಎಳೆದರು. ಅದರರ್ಥ ಬೇಡ ಎಂದು. ಇಷ್ಟು ತಿಂಗಳಲ್ಲಿ ಅಷ್ಟೂ ತಿಳಿಯದೇ? ಆದರೆ ಭಾಷೆ ಬಾರದವಳಿಗೆ ಒಂದು ಅನುಕೂಲವಿದೆ, ಬೇಡವಾದದ್ದು ಅರ್ಥವಾಗದ ಹಾಗೆ ಇರಬಹುದು. "ಅರಿಗಾತೋ" ಎಂದು ಧನ್ಯವಾದ ಹೇಳಿ, ಬಗ್ಗಿ ಹೊರಟುಬಂದೆ.

ಆ ಹಳೆಯ ಚಿತ್ರವನ್ನು ಟಿವಿಯಲ್ಲಿ ಒಂದು ಮಧ್ಯಾಹ್ನ ಹಾಕಿದಾಗ ಅಣ್ಣ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದ. ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಜಪಾನಿಗೆ ಹೊರಟಿದ್ದ ಗಂಡನ ಸಹೋದ್ಯೋಗಿಯೊಬ್ಬರ ಕೈಲಿ ಚಟ್ನಿಪುಡಿಯ ಜೊತೆ ಕಳಿಸಿದಳು. "ತೋರ್ಸು, ಧಾರಾಳವಾಗಿ ತೋರ್ಸು. ಆದ್ರೆ ಆ ದನಿ ನಂದಲ್ಲಾಂತ ಹೇಳ್ಬಿಡು ಆ ಜಪಾನಿನೋರ್ಗೆ. ಮರೀಬೇಡ" ಎಂದು ಎರಡೆರಡು ಸಲ ಹೇಳಿದಳು. ಮರೆಯಲ್ಲ ಎಂದು ಮಾತು ಕೊಟ್ಟೆ.

ಅಭ್ಯಾಸ ಶುರುವಾಯಿತು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಹಾಕುತ್ತಾ ಜಪಾನೀಸ್ ವಾಕ್ಯಗಳನ್ನು ಜೋರಾಗಿ ಹೇಳಿಕೊಳ್ಳುತ್ತಿದ್ದೆ. ಮಗಳು ಬಂದು ಬಾಲ್ಕನಿಯ ಬಾಗಿಲು ಎಳೆದು ಮುಚ್ಚುತ್ತಿದ್ದಳು, ಪಕ್ಕದ ಮನೆಯವರಿಗೆ ಕೇಳಿಸಬಾರದಂತೆ. ಕೆಲವೊಮ್ಮೆ ತಿದ್ದುತ್ತಿದ್ದಳು, ಬೇಸರ ಬಂದರೆ ಕಿವಿ ಮುಚ್ಚಿಕೊಂಡು "ಯಮೆತೆ!" ಎನ್ನುತ್ತಿದ್ದಳು. ನಿಲ್ಲಿಸು ಎಂದು. ನಾನು ನಿಲ್ಲಿಸಲಿಲ್ಲ.

"ಇಂಗ್ಲಿಷಲ್ಲೇ ಪ್ರೆಸೆಂಟ್ ಮಾಡ್ಬಿಡು ಕಣೇ. ವೈ ಟೇಕ್ ರಿಸ್ಕ್?" ಎಂದರು ಗಂಡ. ಹೊಸ ವರ್ಷ ಯಾವ ಅನಾಹುತವೂ ಇಲ್ಲದೆ ದಾಟಿ, ಅವರು ನಿರಾಳವಾಗಿದ್ದರು.

"ನನ್ನ ಮಗು ಮುಂದೆ ನಾನು ಬಾಯಿಗೆ ಬೀಗ ಹಾಕ್ಕೊಂಡು ನಿಂತ್ಕೋಬೇಕಾ? ಆಗಲ್ಲ. ಅವಳು ಬಂದು ಕೂತು ಕೇಳ್ಬೇಕು" ಎಂದೆ.

"ಅವಳು ಬರಲ್ಲ ಅಂತಿದಾಳಲ್ಲ?"

"ಎತ್ಕೊಂಡು ಬನ್ನಿ."

ಎತ್ತಿಕೊಂಡೇ ಬಂದರು. ಸಭಾಭವನದ ಕೊನೆಯ ಸಾಲಿನಲ್ಲಿ ಅಪ್ಪನ ಪಕ್ಕ ಮುಖ ಊದಿಸಿ ಕೂತಳು. ನನಗಿಂತ ಮೊದಲು ಮಾತಾಡಿದವರೆಲ್ಲ ಮೆಲ್ಲನೆ, ಅಚ್ಚುಕಟ್ಟಾಗಿ ಹೇಳಿ ಬಗ್ಗಿ ಕೂತರು. ನನ್ನ ಸರದಿ ಬಂತು. ಬಾಯಿಪಾಠ ಮಾಡಿದ್ದ ಪೀಠಿಕೆಯನ್ನು ಎಡವದೆ ಹೇಳಿ ಮುಗಿಸಿ, ಕ್ಯಾಸೆಟ್ಟನ್ನು ಯಂತ್ರಕ್ಕೆ ತೂರಿಸಿದೆ.

ಪರದೆಯ ಮೇಲೆ ನಮ್ಮ ಬೀದಿ ಬರಲಿಲ್ಲ. ಕಪ್ಪು ಬಿಳುಪು ಪಟ್ಟೆಗಳು ಓಡಿದವು. ಅವುಗಳ ಹಿಂದೆ ಇಲಿ ಕಿರುಗುಟ್ಟಿದಂಥ ಶಬ್ದ. ಸೆನ್ಸೈ ಗುಂಡಿಗಳನ್ನು ಒತ್ತಿದರು, ಹಿಂದಕ್ಕೆ ಓಡಿಸಿದರು, ಮುಂದಕ್ಕೆ ಓಡಿಸಿದರು. ಪಟ್ಟೆಗಳೇ. ಹಿಂದಿನ ಸಾಲಿನಲ್ಲಿ ನನ್ನ ಗಂಡ ಹಣೆ ಚಚ್ಚಿಕೊಂಡದ್ದು ಕಂಡಿತು. ಆಗ ನನಗೂ ಹೊಳೆಯಿತು. ಇಂಡಿಯಾದ ಕ್ಯಾಸೆಟ್ಟಿನ ಪದ್ಧತಿ ಬೇರೆ, ಜಪಾನಿನ ಯಂತ್ರದ ಪದ್ಧತಿ ಬೇರೆ. ಓಜಿಮಾಕ್ಕೆ ಬಂದ ನಮ್ಮವರೆಲ್ಲ ಮೊದಲು ಮಾಡುವ ಕೆಲಸ ಅಕಿಹಾಬಾರಾದ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಿ ಎಲ್ಲ ದೇಶದ ಕ್ಯಾಸೆಟ್ಟೂ ಓಡುವ ಪ್ಲೇಯರ್ ಕೊಳ್ಳುವುದು. ಮನೆಮನೆಯಲ್ಲೂ ಅದೇ ಇದ್ದುದರಿಂದ, ಊರಿನ ಕ್ಯಾಸೆಟ್ಟು ಈ ದೇಶದಲ್ಲಿ ಓಡುವುದೇ ಇಲ್ಲವೆಂಬುದು ನಮಗೆ ಮರೆತೇ ಹೋಗಿತ್ತು. ಜಪಾನಿನವರು ಈ ತಪ್ಪು ಮಾಡಲಾರರು, ನಾವು ಮಾತ್ರ ಮಾಡಬಲ್ಲೆವು. ಅದೂ ಲೋಕದ ಕ್ಯಾಲೆಂಡರ್ ತಿದ್ದಿದ ಮನೆಯವರು.

ಸೆನ್ಸೈ ತಮ್ಮದೇ ತಪ್ಪೆಂಬಂತೆ ಎಲ್ಲರ ಕಡೆ ತಿರುಗಿ "ಸುಮಿಮಾಸೆನ್, ಸುಮಿಮಾಸೆನ್" ಎಂದು ಬಗ್ಗತೊಡಗಿದರು. ಇಲ್ಲಿಗೇ ಮುಗಿಸೋಣ, ಪೀಠಿಕೆಯೇ ಚೆನ್ನಾಗಿತ್ತು ಎಂದು ನನಗೆ ಮೆಲ್ಲನೆ ಹೇಳಿದರು. ಮುಗಿಸಬಹುದಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಮಗಳು ಅಪ್ಪನ ಕೋಟಿನೊಳಗೆ ಮುಖ ಹುದುಗಿಸಿದ್ದಳು. ಈಗ ಕೂತರೆ ಇನ್ನೆಂದೂ ಏಳಲಾರೆ ಅನ್ನಿಸಿತು.

"ಬೇಡ. ಟಿವಿ ಆರಿಸಿ. ನಾನೇ ಹೇಳುತ್ತೇನೆ" ಎಂದೆ ಜಪಾನೀಸಿನಲ್ಲಿ. ಆರಿದ ಪರದೆಯ ಪಕ್ಕಕ್ಕೆ ಸರಿದು ನಿಂತೆ.

ಹೇಳಿದೆ. ಒಂದು ಬೀದಿ, ಒಂದೇ ನಲ್ಲಿ, ಬೇಸಿಗೆ. ಬಿಂದಿಗೆಗೆ ಜಪಾನೀಸ್ ಪದ ಗೊತ್ತಿರಲಿಲ್ಲ, ಮೇಜಿನ ಮೇಲಿದ್ದ ಚಹಾದ ಕೆಟಲ್ ತಂದು ನೆಲದ ಮೇಲಿಟ್ಟೆ. ಅದರ ಹಿಂದೆ ಹೂದಾನಿ, ಅದರ ಹಿಂದೆ ಕಸದ ಬುಟ್ಟಿ. ಇದು ಸಾಲು ಎಂದೆ. ಸಾಲೆಂದರೆ ಪ್ರಾಣ ಬಿಡುವ ದೇಶದಲ್ಲಿ ಅದಕ್ಕೆ ವಿವರಣೆ ಬೇಕಾಗಲಿಲ್ಲ. ಕಸದ ಬುಟ್ಟಿಯನ್ನು ಎತ್ತಿ ಕೆಟಲಿನ ಮುಂದಕ್ಕೆ ಇಟ್ಟಾಗ ಮುಂದಿನ ಸಾಲಿನ ಮುದುಕಿಯರು "ಅರಾ!" ಎಂದು ಹೌಹಾರಿದರು. ಈಗ ನನ್ನ ಅಮ್ಮ ಬರುತ್ತಾಳೆ ಎಂದೆ. ಅಮ್ಮನ ಮಾತಿಗೆ ಜಪಾನೀಸ್ ಸಾಲದು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕನ್ನಡದಲ್ಲೇ ಎಗರಿದೆ:

"ಏನಮ್ಮಾ, ಕಣ್ಣು ಕಾಣ್ಸಲ್ವಾ? ಕೋಳಿ ಕೂಗೋಕ್ ಮುಂಚೆ ಬಂದು ನಿಂತಿದೀನಿ ನಾನು! ಹಿಂದಿಂದ ಬಂದು ಮುಂದೆ ನುಗ್ತೀಯಲ್ಲ, ಕಾವೇರಿ ಏನು ನಿಮ್ಮಪ್ಪನ ಹಿತ್ಲಲ್ಲಿ ಹುಟ್ಟಿದ್ಲಾ? ತೆಗಿ ಬಿಂದ್ಗೇನಾ! ನೀನ್ ತೆಗೀತೀಯೋ ನಾನ್ ತೆಗೀಲೋ?"

ಓಜಿಮಾಕ್ಕೆ ಬಂದ ಮೇಲೆ ಅಷ್ಟು ಜೋರಾಗಿ ನಾನು ಬಾಯಿ ತೆರೆದಿರಲಿಲ್ಲ. ಗಾಜಿನ ಕಿಟಕಿ ಅದುರಿತು. ಆಮೇಲೆ ದನಿ ಇಳಿಸಿ, ಜಪಾನೀಸಿನಲ್ಲಿ, ಹುಡುಕಿ ಹುಡುಕಿ ಹೇಳಿದೆ: "ಚಿತ್ರದಲ್ಲಿ ಅಮ್ಮನ ಮುಖ ಇದೆ, ದನಿ ಇಲ್ಲ. ಇಟಲಿಯ ಪದ್ಧತಿ. ಇವತ್ತು ಮುಖ ಬರಲಿಲ್ಲ. ಆದರೆ ನೀವು ಈಗ ಕೇಳಿದ್ದು ಅಮ್ಮನ ನಿಜವಾದ ದನಿ."

ಯಾರೂ ನಗಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಈ ದೇಶದ ಮೌನವನ್ನು ನಾನು ಇಂದಿಗೂ ಸರಿಯಾಗಿ ಓದಲಾರೆ. ಎಲ್ಲ ಕೆಟ್ಟಿತು ಎಂದುಕೊಂಡೆ. ಆಗ ಮುಂದಿನ ಸಾಲಿನ ಒಬ್ಬ ಮುದುಕಿ ಎದ್ದು ನಿಂತು ಬಗ್ಗಿದರು. ಯುದ್ಧದಲ್ಲಿ ಈ ಬಡಾವಣೆ ಪೂರ್ತಿ ಸುಟ್ಟುಹೋಗಿತ್ತು, ಆಮೇಲೆ ಇಲ್ಲಿಯೂ ಒಂದೇ ನಲ್ಲಿ ಉಳಿದಿತ್ತು ಎಂದರು. "ನನ್ನ ಅಮ್ಮನೂ ಹೀಗೇ ಕೂಗುತ್ತಿದ್ದಳು. ಅವಳು ಕೂಗದಿದ್ದರೆ ನಮಗೆ ನೀರು ಸಿಗುತ್ತಿರಲಿಲ್ಲ. ಆ ದನಿ ನನಗೆ ಮರೆತುಹೋಗಿತ್ತು." ಅಷ್ಟು ಹೇಳಿ ಕರ್ಚೀಫು ತೆಗೆದು ಕಣ್ಣಿಗೊತ್ತಿಕೊಂಡರು. ನನಗೂ ಅಳು ಬಂತು. ಸೆನ್ಸೈ ಕೆಟಲನ್ನು ಎತ್ತಿ, ಅದು ಮೊದಲಿದ್ದ ಜಾಗದಲ್ಲಿ, ಸಾಲಿನ ಮುಂದಕ್ಕೆ ಇಟ್ಟರು.

ಮನೆಗೆ ಹೋಗುವ ದಾರಿಯಲ್ಲಿ ಮಗಳು ಅಪ್ಪನ ಕೈ ಹಿಡಿದಿದ್ದಳು, ನನ್ನ ಕೈ ಬೇಡವೆಂದಳು. ಅಮ್ಮನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. "ಹಾಗಾದ್ರೆ ಕೊನೆಗೂ ನನ್ ದನಿ ಜಪಾನ್ ತಂಕ ಬಂತು ಅನ್ನು!" ಎಂದು ಅವಳು ನಕ್ಕಳು. ನಾನು ನಗಲಿಲ್ಲ. ನಾನು ಗೆಲ್ಲಬೇಕಾಗಿದ್ದುದು ಆ ಸಭೆಯನ್ನಲ್ಲ, ಕೋಟಿನೊಳಗೆ ಮುಖ ಮುಚ್ಚಿಕೊಂಡಿದ್ದವಳನ್ನು. ಆಗಲಿ, ಇನ್ನೊಮ್ಮೆ ಎದ್ದು ನಿಲ್ಲುತ್ತೇನೆ, ಮತ್ತೊಮ್ಮೆ ನಿಲ್ಲುತ್ತೇನೆ, ಅವಳು ಕಿವಿ ಮುಚ್ಚಿಕೊಂಡಷ್ಟು ಸಲವೂ ನಿಲ್ಲುತ್ತೇನೆ ಎಂದುಕೊಂಡು ಅನ್ನಕ್ಕಿಟ್ಟೆ.

ಸೋಮವಾರ ಬೆಳಿಗ್ಗೆ ಶಿಶುವಿಹಾರದ ಗೇಟಿನ ಬಳಿ ಯಾವಾಗಿನಂತೆ ಬಾಯಿ ಮುಚ್ಚಿಕೊಂಡು, ತಾಯಂದಿರಿಗೆಲ್ಲ ತಲೆಬಾಗಿ, ಹೊರಡಲು ತಿರುಗಿದೆ. ದುಪಟ್ಟಾ ಯಾರೋ ಎಳೆದಂತಾಯಿತು. ಮಗಳು. ಅವಳ ಹಿಂದೆ ಹಳದಿ ಟೋಪಿಯ ಹುಡುಗಿಯರು ಸಾಲಾಗಿ ನಿಂತಿದ್ದರು, ಅಂದು ನನ್ನನ್ನು ಅಣಕಿಸಿದ್ದ ಇಬ್ಬರೂ ಇದ್ದರು. ತಮ್ಮ ತಮ್ಮ ನೀರಿನ ಬಾಟಲಿಗಳನ್ನು ನೆಲದ ಮೇಲೆ ಒಂದರ ಹಿಂದೊಂದು ಇಟ್ಟಿದ್ದರು. ಒಬ್ಬಳ ಬಾಟಲಿ ಸಾಲು ತಪ್ಪಿ ಎಲ್ಲಕ್ಕಿಂತ ಮುಂದಿತ್ತು.

"ಅಜ್ಜಿ ಮಾಡು" ಎಂದಳು ಮಗಳು. ಕನ್ನಡದಲ್ಲಿ.

ಬಗ್ಗಿ ಅವಳ ಕಿವಿಯಲ್ಲಿ ಕೇಳಿದೆ, "ಇಲ್ಲೇನಾ? ಎಲ್ಲರ ಮುಂದೆ? ಮೆಲ್ಲಗೆ ಹೇಳ್ಲಾ?"

ಅವಳಿಗೆ ಸಿಟ್ಟೇ ಬಂತು. ಕಾಲು ನೆಲಕ್ಕೆ ಕುಟ್ಟಿದಳು.

"ಮೆಲ್ಲಗೆ ಬೇಡ! ಜೋರಾಗಿ!"

ನಾನು ಚೀಲ ಕೆಳಗಿಟ್ಟು ದುಪಟ್ಟಾ ಸೊಂಟಕ್ಕೆ ಬಿಗಿದೆ.